ಉಸಿರಪ್ಪನ ಮೂರು ಮಾತು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಮೂರೇ ಮೂರು ಮಾತು. ‘ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿದುಕೊಳ್ಳಿ. ಈಗ ಉಸಿರು ಬಿಡಿ.’

ಈ ಮೂರು ಮಾತನ್ನು ಅವನು ಹದಿನಾಲ್ಕು ವರ್ಷದಿಂದ ದಿನಕ್ಕೆ ಮೂವತ್ತು ಸಲ ಹೇಳುತ್ತ ಬಂದಿದ್ದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ದಪ್ಪ ಗಾಜಿನ ಈಚೆ ಕೂತು, ಮೈಕಿನ ಗುಂಡಿ ಒತ್ತಿ ಅವನು ಹೇಳುವುದು. ಗಾಜಿನ ಆಚೆ, ದೊಡ್ಡ ಉಂಗುರದಂಥ ಸಿ.ಟಿ. ಸ್ಕ್ಯಾನ್ ಯಂತ್ರದೊಳಗೆ ಮಲಗಿದ ರೋಗಿ ಅದನ್ನು ಪಾಲಿಸುವುದು. ಉಸಿರು ಹಿಡಿದ ಹತ್ತು ಸೆಕೆಂಡಿನಲ್ಲಿ ಯಂತ್ರ ಎದೆ, ಹೊಟ್ಟೆಯ ಒಳಗನ್ನೆಲ್ಲ ಚಿತ್ರ ತೆಗೆದುಬಿಡುತ್ತದೆ. ರೋಗಿ ನಡುವೆ ಒಂದು ಸಲ ಉಸಿರಾಡಿದನೋ, ಚಿತ್ರವೆಲ್ಲ ಕಲಸುಮೇಲೋಗರ. ಹೀಗಾಗಿ ಆಸ್ಪತ್ರೆಯವರು ಅವನಿಗೆ ಇಟ್ಟ ಹೆಸರು ಉಸಿರಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದುಕೊಂಡಿತ್ತು.

ತನ್ನ ಧ್ವನಿಯ ಬಗ್ಗೆ ಉಸಿರಪ್ಪನಿಗೆ ಭಾರಿ ಅಭಿಮಾನ. ರೋಗಿಗಳಿಗೆ ಮಾತ್ರ ಅಷ್ಟಿರಲಿಲ್ಲ. ‘ಗಾಜಿನ ಹಿಂದೆ ಕೂತವರು ಸುಮ್ಮಸುಮ್ಮನೆ ಗದರುತ್ತಾರೆ’ ಎಂದು ಒಬ್ಬರು ದೂರು ಪುಸ್ತಕದಲ್ಲಿ ಬರೆದರು. ‘ಉಸಿರು ಬಿಡಿ ಅಂದರೆ ಊರು ಬಿಡಿ ಅಂದ ಹಾಗಿರುತ್ತದೆ’ ಎಂದು ಇನ್ನೊಬ್ಬರು. ಇಂಥವು ಹನ್ನೊಂದಾದ ಮೇಲೆ ಸೂಪರಿಂಟೆಂಡೆಂಟ್ ಮೇಡಂ ಒಂದು ತೀರ್ಮಾನಕ್ಕೆ ಬಂದರು: ಇನ್ನು ಮೇಲೆ ಯಂತ್ರವೇ ಮಾತಾಡಲಿ. ಒಂದು ಒಳ್ಳೆಯ ಧ್ವನಿಯಲ್ಲಿ ಮೂರು ಮಾತನ್ನೂ ಮುದ್ರಿಸಿ ಒಳಗಿಟ್ಟರೆ ಸಾಕು, ಉಸಿರಪ್ಪ ಗುಂಡಿ ಒತ್ತಿಕೊಂಡು ತೆಪ್ಪಗಿರಬಹುದು.

ಯಂತ್ರದ ಕಂಪನಿಯ ಇಂಜಿನಿಯರ್ ಹೋದ ತಿಂಗಳು ಬಂದು, ಸಿ.ಟಿ., ಎಂ.ಆರ್.ಐ. ಎರಡೂ ವಿಭಾಗದ ಆರು ಜನರಿಂದಲೂ ಮೂರು ಮಾತು ಹೇಳಿಸಿ ತನ್ನ ಫೋನಿನಲ್ಲಿ ಹಿಡಿದುಕೊಂಡು ಹೋದ. ಪಕ್ಷಪಾತ ಆಗಬಾರದೆಂದು ಹೆಸರಿನ ಬದಲು ಒಂದರಿಂದ ಆರರ ತನಕ ನಂಬರು ಕೊಟ್ಟ. ಉಸಿರಪ್ಪನ ಸರದಿ ಬಂದ ದಿನ ಅವನಿಗೆ ಶೀತ, ತಲೆನೋವು, ಸಾಲದ್ದಕ್ಕೆ ಬಾಗಿಲ ಹೊರಗೆ ಎಂಟು ಜನ ರೋಗಿಗಳು. ಮೂರು ಮಾತು ಹೇಳಿ, ಮೂಗು ಒರೆಸಿಕೊಂಡು, ಎದ್ದು ಬಂದಿದ್ದ. ಪಕ್ಕದ ಎಂ.ಆರ್.ಐ. ವಿಭಾಗದ ಹುಡುಗ ಹಾಗಲ್ಲ. ಬಿಸಿನೀರಿನಲ್ಲಿ ಗಂಟಲು ಮುಕ್ಕಳಿಸಿ, ಕ್ರಾಪು ಬಾಚಿಕೊಂಡು ಹೋಗಿದ್ದ. ಧ್ವನಿ ಹಿಡಿಯುವುದಕ್ಕೆ ಕ್ರಾಪು ಯಾಕೆಂದು ಉಸಿರಪ್ಪನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಹುಡುಗನಿಗೆ ಇದ್ದ ಅಡ್ಡಹೆಸರು ಜೇನುಗಂಟಲು. ಕೆಲಸಕ್ಕೆ ಸೇರಿ ಮೂರು ವರ್ಷವಾಗಿರಲಿಲ್ಲ, ಆಗಲೇ ಆಸ್ಪತ್ರೆಯ ಎಲ್ಲ ಸಮಾರಂಭಕ್ಕೂ ಮೈಕು ಅವನ ಕೈಗೆ. ಅವನು ‘ಎಲ್ಲರಿಗೂ ಶುಭೋದಯ’ ಅಂದರೆ ನರ್ಸುಗಳು ನಿಜವಾಗಿಯೂ ಶುಭವಾಯಿತು ಎಂಬಂತೆ ನಗುತ್ತಿದ್ದರು. ಉಸಿರಪ್ಪ ಹದಿನಾಲ್ಕು ವರ್ಷದಿಂದ ಹೇಳಿದ ಶುಭೋದಯಗಳಿಗೆ ಯಾರೂ ತಲೆ ಎತ್ತಿದ್ದಿಲ್ಲ. ಹೊಟ್ಟೆಕಿಚ್ಚು ಎನ್ನುವುದು ಒಂದೇ ದಿನ ಹತ್ತುವುದಲ್ಲ. ಮೊದಲಿಂದಲೂ ಬೂದಿ ಮುಚ್ಚಿಕೊಂಡು ಕೂತಿರುತ್ತದೆ, ಯಾರೋ ಬಂದು ಊದಬೇಕಷ್ಟೆ.

ಆ ಸೋಮವಾರ ಬೆಳಿಗ್ಗೆ ಊದಿದವರು ಸಿಸ್ಟರ್. ಸಿ.ಟಿ. ವಿಭಾಗದ ಹಿರಿಯ ನರ್ಸು. ರೋಗಿಯ ನರ ಹುಡುಕುವುದರಲ್ಲಿ ಎಷ್ಟು ಚುರುಕೋ ಸುದ್ದಿ ಹುಡುಕುವುದರಲ್ಲೂ ಅಷ್ಟೇ ಚುರುಕು.

‘ಉಸಿರಪ್ಪನೋರೇ, ನಿಮ್ಮ ಕೆಲಸ ಹಗುರ ಆಯ್ತು ನೋಡಿ. ಇಂಜಿನಿಯರ್ ನಿನ್ನೆ ರಜಾ ದಿನಾನೇ ಬಂದು ಹೊಸ ಧ್ವನಿ ಹಾಕಿ ಹೋಗಿದಾನೆ. ಇವತ್ತು ನಾಲ್ಕು ಗಂಟೆಗೆ ನಮ್ಮ ಆಸ್ಪತ್ರೆ ಅಧ್ಯಕ್ಷರು ಬರ್ತಾರಂತೆ. ಗೆದ್ದೋರ ಹೆಸರು ಲಕೋಟೆಯೊಳಗೆ ಹಾಕಿ, ಅಂಟಿಸಿ, ನೇರ ಅವರಿಗೇ ಕಳಿಸಿದಾನಂತೆ. ಮೇಡಂಗೂ ಗೊತ್ತಿಲ್ಲ. ಆ ಧ್ವನೀನ ನಮ್ಮ ಆರು ಬ್ರಾಂಚಿಗೂ ಹಾಕ್ತಾರಂತೆ!’

‘ಯಾರದಂತೆ?’ ಅಂದ ಉಸಿರಪ್ಪ, ಯಂತ್ರ ಒರೆಸುತ್ತಿದ್ದ ಬಟ್ಟೆಯನ್ನು ಯಾಕೋ ಹಿಂಡುತ್ತ.

‘ಕೇಳಿ ನೋಡಿ, ನಿಮಗೇ ಗೊತ್ತಾಗುತ್ತೆ’ ಎಂದು ಸಿಸ್ಟರ್ ಗುಂಡಿ ಒತ್ತಿದರು.

ಒಳಕೋಣೆಯ ಸ್ಪೀಕರಿನಿಂದ ಧ್ವನಿ ಬಂತು. ತುಂಬಿದ ಹಂಡೆಯ ಮೇಲೆ ಬೆರಳು ಬಡಿದಂತೆ ಗಂಭೀರ. ಆತುರವಿಲ್ಲ, ಗದರಿಕೆಯಿಲ್ಲ. ‘ಉಸಿರು ಎಳೆದುಕೊಳ್ಳಿ’ ಅಂದಾಗ ಉಸಿರಪ್ಪನೇ ತನಗರಿವಿಲ್ಲದೆ ಉಸಿರು ಎಳೆದುಕೊಂಡ. ‘ಹಾಗೇ ಹಿಡಿದುಕೊಳ್ಳಿ’ ಅಂದಾಗ ಹಿಡಿದುಕೊಂಡ. ‘ಈಗ ಉಸಿರು ಬಿಡಿ’ ಅಂದಾಗ ಬಿಟ್ಟಿದ್ದು ಉಸಿರಲ್ಲ, ನಿಟ್ಟುಸಿರು.

‘ಇಂಥ ಗಂಟಲು ಈ ಆಸ್ಪತ್ರೆಯಲ್ಲಿ ಇನ್ನಾರಿಗಿದೆ ಹೇಳಿ?’ ಅಂದರು ಸಿಸ್ಟರ್.

ಅಷ್ಟರಲ್ಲಿ ಜೇನುಗಂಟಲು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ‘ಏನ್ ಸರ್, ಕೇಳಿದ್ರಾ? ನನಗೇ ಒಂದು ನಿಮಿಷ ನನ್ನ ಧ್ವನಿ ಅನ್ನಿಸ್ಲೇ ಇಲ್ಲ!’

‘ಅವರವರ ಧ್ವನಿ ಅವರವರಿಗೆ ಗೊತ್ತಾಗಲ್ಲ ಕಣಪ್ಪಾ’ ಎಂದು ಸಿಸ್ಟರ್ ತಿಳಿವಳಿಕೆ ಹೇಳಿದರು.

‘ಅಯ್ಯೋ, ನಂದೇನಿದೆ ಬಿಡಿ ಸಿಸ್ಟರ್. ದೇವರು ಕೊಟ್ಟಿದ್ದು’ ಎಂದು ಅವನು ನೆಲ ನೋಡಿ ನಕ್ಕ. ಉಸಿರಪ್ಪನಿಗೂ ದೇವರು ಗಂಟಲು ಕೊಟ್ಟಿದ್ದ, ಆದರೆ ಆ ವಿಷಯ ಎತ್ತುವವರು ಯಾರೂ ಇರಲಿಲ್ಲ.

ಮೊದಲ ರೋಗಿ ಒಬ್ಬ ಮುದುಕ. ಎರಡು ಸಲ ಬಂದು, ಎರಡು ಸಲವೂ ಉಸಿರು ಹಿಡಿಯಲಾರದೆ ಕೆಮ್ಮಿ ವಾಪಸು ಹೋಗಿದ್ದ ಗಿರಾಕಿ. ಇವತ್ತು ಕೂಸು ಮಲಗಿದ ಹಾಗೆ ಮಲಗಿದ, ಹಿಡಿ ಅಂದಾಗ ಹಿಡಿದ, ಬಿಡಿ ಅಂದಾಗ ಬಿಟ್ಟ. ಎದ್ದವನೇ ಕೇಳಿದ: ‘ಒಳಗೆ ಮಾತಾಡಿದ ಆ ಮಹಾನುಭಾವರು ಎಲ್ಲಪ್ಪಾ? ಎಷ್ಟು ಸಮಾಧಾನದ ಮಾತು! ಹೋದ ಸಲ ಯಾರೋ ಒಬ್ಬ ಇದ್ದ, ಸಾಲ ವಸೂಲಿಗೆ ಬಂದೋನ ಥರ ಕಿರುಚ್ತಿದ್ದ.’

ಹೋದ ಸಲ ಇದ್ದವನು ಮುದುಕನ ಕೈ ಹಿಡಿದು ಟೇಬಲ್ಲಿನಿಂದ ಇಳಿಸಿದ. ಜೇನುಗಂಟಲು ಮುಂದೆ ಬಂದು ಮುದುಕನ ಮೆಚ್ಚುಗೆಯನ್ನು ಎರಡು ಕೈಯಲ್ಲೂ ಸ್ವೀಕರಿಸಿದ.

ಹತ್ತು ಗಂಟೆಯ ಒಳಗೆ ಏಳು ಜನ ಆ ಧ್ವನಿಯನ್ನು ಹೊಗಳಿದ್ದರು. ಏಳೂ ಹೊಗಳಿಕೆ ಉಸಿರಪ್ಪನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತೆ ಇಳಿದವು. ಇಷ್ಟಾದರೂ ತಡೆದುಕೊಳ್ಳುತ್ತಿದ್ದನೇನೋ. ಹನ್ನೊಂದಕ್ಕೆ ಅವನ ಹೆಂಡತಿ ತನ್ನ ತಾಯಿಯನ್ನು ಕರೆದುಕೊಂಡು ಬಂದಳು.

ಅತ್ತೆಗೆ ಒಂದು ತಿಂಗಳಿಂದ ಕೆಮ್ಮು. ಡಾಕ್ಟರು ಎದೆಯ ಸ್ಕ್ಯಾನ್ ಬರೆದಿದ್ದರು. ಅತ್ತೆ ಹುಟ್ಟಿದಾರಭ್ಯ ಯಾರ ಮಾತೂ ಕೇಳಿದವರಲ್ಲ, ಅಳಿಯನ ಮಾತನ್ನಂತೂ ಕನಸಿನಲ್ಲೂ ಕೇಳಿದವರಲ್ಲ. ‘ಇವರು ಉಸಿರು ಹಿಡೀತಾರಾ!’ ಎಂದುಕೊಂಡು ಉಸಿರಪ್ಪ ಅವರನ್ನು ಮಲಗಿಸಿ, ಹೆಂಡತಿಯನ್ನು ಗಾಜಿನ ಈಚೆ ತನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಗುಂಡಿ ಒತ್ತಿದ.

‘ಉಸಿರು ಎಳೆದುಕೊಳ್ಳಿ’ ಅಂದಿತು ಧ್ವನಿ.

ಹೆಂಡತಿ ತಟ್ಟನೆ ತಲೆ ಎತ್ತಿದಳು. ಸ್ಪೀಕರನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಅವಳ ಮುಖದ ಮೇಲೆ ಒಂದು ನಗೆ ಹರಡಿತು. ಅಂಥ ನಗೆಯನ್ನು ಉಸಿರಪ್ಪ ನೋಡಿ ಎಷ್ಟೋ ವರ್ಷಗಳಾಗಿದ್ದವು. ಗಾಜಿನ ಆಚೆ ಅತ್ತೆ, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಬೊಂಬೆಯ ಹಾಗೆ ಉಸಿರು ಹಿಡಿದು ಮಲಗಿದ್ದರು.

‘ಎಂಥ ಧ್ವನಿರೀ!’ ಅಂದಳು ಹೆಂಡತಿ ಮೆಲ್ಲಗೆ. ‘ಎದೆಗೇ ಇಳಿದ ಹಾಗಾಗುತ್ತೆ. ಇನ್ನೊಂದ್ಸಲ ಹಾಕ್ರೀ.’

‘ಇದೇನು ರೇಡಿಯೋನಾ? ಸ್ಕ್ಯಾನ್ ಮುಗೀತು.’

‘ಮನೇಲೂ ಯಾರಾದ್ರೂ ಈ ಥರ ಮಾತಾಡಿದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?’ ಎಂದು ಅವಳು ಓರೆಗಣ್ಣಿನಲ್ಲಿ ನೋಡಿದಳು. ‘ಯಾರದು ಈ ಧ್ವನಿ? ಹೇಳಿ, ಹೇಳಿ.’

‘ನನಗೇನು ಗೊತ್ತು! ನಾಲ್ಕು ಗಂಟೆಗೆ ಹೇಳ್ತಾರಂತೆ.’

‘ಓಹೋ, ಗೊತ್ತೇ ಇಲ್ಲ ಪಾಪ!’ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ‘ಸರಿ ಹಾಗಾದ್ರೆ. ನಾಲ್ಕು ಗಂಟೆಗೆ ನಾನೂ ಬರ್ತೀನಿ. ಒಳ್ಳೆ ಬಟ್ಟೆ ಹಾಕ್ಕೊಂಡು, ಮುಂದಿನ ಸಾಲಲ್ಲೇ ಕೂತು, ಆ ಧ್ವನಿಯವರಿಗೆ ಕೈ ನೋಯೋವರೆಗೂ ಚಪ್ಪಾಳೆ ತಟ್ತೀನಿ.’

ಅತ್ತೆ ಹೊರಗೆ ಬಂದು ಗಾಯದ ಮೇಲೆ ಬರೆ ಎಳೆದರು. ‘ಅಳಿಯಂದ್ರೇ, ಯಾರು ಆ ಮನುಷ್ಯ? ಗಂಡಸು ಅಂದ್ರೆ ಹಾಗಿರ್ಬೇಕು. ಮದುವೆ ಆಗಿದೆಯಾ ಅವನಿಗೆ?’

‘ಯಾಕತ್ತೆ?’

‘ಸುಮ್ನೆ ಕೇಳ್ದೆ’ ಎಂದು ಅತ್ತೆ ಮಗಳ ಕಡೆ ನೋಡಿ ಒಂದು ಉದ್ದನೆಯ ಉಸಿರು ಬಿಟ್ಟರು. ಬಿಡಿ ಎಂದು ಯಾರೂ ಹೇಳಿರಲಿಲ್ಲ.

ಅಮ್ಮ ಮಗಳು ಹೋದ ಮೇಲೆ ಉಸಿರಪ್ಪ ಕುರ್ಚಿಯಲ್ಲಿ ಕುಸಿದ. ಮದುವೆಯಾಗಿ ಹದಿನಾರು ವರ್ಷ. ‘ಎದೆಗೇ ಇಳಿಯುತ್ತೆ’ ಎಂಬ ಮಾತನ್ನು ಅವಳು ಅವನಿಗೆ ಹೇಳಿದ್ದಿಲ್ಲ. ಈಗ ಹೇಳಿದ್ದು ಒಬ್ಬ ಕ್ರಾಪಿನ ಹುಡುಗನ ಗಂಟಲಿಗೆ, ಅದೂ ಗಂಡನ ಪಕ್ಕದಲ್ಲೇ ಕೂತು, ಗಂಡನ ಸ್ಟೂಲಿನ ಮೇಲೆ! ಆ ಧ್ವನಿ ನಾಳೆಯಿಂದ ದಿನಕ್ಕೆ ಮೂವತ್ತು ಸಲ ಅವನ ಕಿವಿಯ ಪಕ್ಕ ಕೂತು ಮಾತಾಡುತ್ತದೆ. ಅವನು ಗುಂಡಿ ಒತ್ತಬೇಕು, ಮೆರೆಯುವುದು ಇನ್ನೊಬ್ಬ. ನಿವೃತ್ತಿಯ ತನಕ ಇದೇ ಬಾಳು. ಉಸಿರಪ್ಪನಿಗೆ ಅಸೂಯೆಯಿಂದ ಕಣ್ಣು ಮಂಜಾಯಿತು, ಎದುರಿನ ಪರದೆ ಕಾಣದಾಯಿತು.

ಒಂದೂವರೆಗೆ ಎಲ್ಲರೂ ಊಟಕ್ಕೆ ಹೋದರು. ಉಸಿರಪ್ಪ ಬಾಗಿಲು ಮುಚ್ಚಿದ.

ಅವನ ಲೆಕ್ಕಾಚಾರ ಸರಳವಾಗಿತ್ತು. ಅಧ್ಯಕ್ಷರು ಬೆಳಗಿನ ಧ್ವನಿ ಕೇಳಿಲ್ಲ. ನಾಲ್ಕಕ್ಕೆ ಬಂದು ಗುಂಡಿ ಒತ್ತಿದಾಗ ಉಸಿರಪ್ಪನ ಧ್ವನಿ ಬಂದರೆ, ಇದೇ ಗೆದ್ದದ್ದು ಅಂದುಕೊಳ್ಳುತ್ತಾರೆ. ಆಮೇಲೆ ಲಕೋಟೆಯಲ್ಲಿ ಯಾರ ಹೆಸರಿದ್ದರೂ ಗೊಂದಲ. ಗೊಂದಲದಲ್ಲಿ ಹಿರಿತನಕ್ಕೆ ಬೆಲೆ. ಹೊಟ್ಟೆಕಿಚ್ಚು ತಲೆಗೇರಿದಾಗ ಇಂಥ ಲೆಕ್ಕಗಳು ಬಹಳ ಚೆನ್ನಾಗಿ ಕೂಡುತ್ತವೆ.

ಧ್ವನಿಗಳ ಪಟ್ಟಿ ತೆರೆದ. ‘ಅಳಿಸು’ ಒತ್ತಿದ. ಅಳಿಸಲೇಬೇಕೇ ಎಂದು ಯಂತ್ರ ಕೇಳಿತು. ಹೌದು. ಅಳಿಸಿದರೆ ಮತ್ತೆ ಸಿಗದು, ಆದರೂ ಅಳಿಸಬೇಕೇ ಎಂದು ಇನ್ನೊಮ್ಮೆ ಕೇಳಿತು. ಯಂತ್ರಕ್ಕಿದ್ದ ವಿವೇಕ ಮನುಷ್ಯನಿಗಿರಲಿಲ್ಲ. ಹೌದು, ಹೌದು! ಆ ತುಂಬಿದ ಹಂಡೆಯ ಧ್ವನಿ ಗುರುತಿಲ್ಲದಂತೆ ಮಾಯವಾಯಿತು. ಉಸಿರಪ್ಪನಿಗೆ ಬೆಳಗಿನಿಂದ ಮೊದಲ ಸಲ ಹಸಿವಾಯಿತು.

ಮೈಕು ಹತ್ತಿರ ಎಳೆದುಕೊಂಡು, ಮೊದಲನೆಯ ಜಾಗದಲ್ಲಿ ‘ಉಸಿರು ಎಳೆದುಕೊಳ್ಳಿ’ ಎಂದು ಮುದ್ರಿಸಿದ. ಎರಡನೆಯ ಜಾಗದಲ್ಲಿ ‘ಹಾಗೇ ಹಿಡಿದುಕೊಳ್ಳಿ’ ಎಂದ. ಮೂರನೆಯದಕ್ಕೆ ಗುಂಡಿ ಒತ್ತಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

‘ತುರ್ತು ಕೇಸು!’ ಸಿಸ್ಟರ್ ಒಬ್ಬ ದಪ್ಪ ಮೀಸೆಯ ಮನುಷ್ಯನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ‘ಹೊಟ್ಟೆನೋವು. ಸ್ಕೂಲಿನ ಡ್ರಿಲ್ ಮೇಷ್ಟ್ರು. ಬೇಗ, ಬೇಗ!’

ಬೇಗ ಬೇಗದಲ್ಲಿ ಉಸಿರಪ್ಪ ಮರೆತದ್ದು ಎರಡು ಸಂಗತಿ. ಮೂರನೆಯ ಜಾಗ ಖಾಲಿಯಿತ್ತು. ಮತ್ತು ಮೈಕು ಇನ್ನೂ ಮುದ್ರಿಸುವ ಸ್ಥಿತಿಯಲ್ಲೇ ಇತ್ತು.

ಸ್ಕ್ಯಾನ್ ಶುರುವಾಯಿತು. ‘ಉಸಿರು ಎಳೆದುಕೊಳ್ಳಿ’ ಅಂದಿತು ಯಂತ್ರ. ಮೇಷ್ಟ್ರು ಎಳೆದುಕೊಂಡರು. ‘ಹಾಗೇ ಹಿಡಿದುಕೊಳ್ಳಿ.’ ಹಿಡಿದುಕೊಂಡರು. ಹತ್ತು ಸೆಕೆಂಡು ಆಯಿತು, ಚಿತ್ರ ಬಂತು, ಯಂತ್ರ ನಿಂತಿತು. ‘ಬಿಡಿ’ ಮಾತ್ರ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಆಜ್ಞೆ ಕೊಟ್ಟ ಮೇಷ್ಟ್ರಿಗೆ ಆಜ್ಞೆಯ ಬೆಲೆ ಗೊತ್ತಿತ್ತು. ಮುಂದಿನ ಆಜ್ಞೆ ಬಾರದೆ ಅವರು ಅಲುಗಾಡುವವರಲ್ಲ. ಇಪ್ಪತ್ತು ಸೆಕೆಂಡು. ಮೂವತ್ತು. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ, ಮೀಸೆ ಎರಡೂ ಕಡೆ ನಿಗುರಿ ನಿಂತಿತು.

‘ಬಿಡ್ರೀ!’ ಉಸಿರಪ್ಪ ಮೈಕಿಗೆ ಬಾಯಿಟ್ಟು ಕೂಗಿದ. ‘ಬಿಡ್ರೀ ಯಜಮಾನ್ರೇ! ಸತ್ತೋಗ್ತೀರಾ, ಬಿಡ್ರೀ!’

ಒಳಗೆ ಒಂದಕ್ಷರವೂ ಕೇಳಿಸಲಿಲ್ಲ. ಅವನು ಎದ್ದು ಓಡಿ, ಕಿರಣ ತಡೆಯುವ ಸೀಸದ ಬಾಗಿಲು ತಳ್ಳಿ, ಮೇಷ್ಟ್ರ ಹೊಟ್ಟೆಯ ಮೇಲೆ ತಟ್ಟಿ ‘ಬಿಡಿ ಸಾರ್!’ ಅಂದ. ಬಸ್ಸಿನ ಟೈರು ಒಡೆದಂತೆ ಉಸಿರು ಹೊರಗೆ ಬಂತು.

‘ನೀವು ಹೇಳ್ಲಿಲ್ಲ!’ ಮೇಷ್ಟ್ರು ಏದುಸಿರಿನಲ್ಲಿ ಗುಡುಗಿದರು. ‘ಹಿಡಿ ಅಂದ್ಮೇಲೆ ಬಿಡಿ ಅನ್ನೋ ಜವಾಬ್ದಾರಿ ಬೇಡ್ವೇನ್ರೀ? ಏನು ಶಿಸ್ತು ಇದು!’

ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಮಲಗಿ ಆಗಿತ್ತು. ಒಬ್ಬ ಸಣಕಲು ಹೆಂಗಸು, ಮೊದಲೇ ಹೆದರಿ ಸಿಸ್ಟರ್ ಕೈ ಹಿಡಿದುಕೊಂಡೇ ಮಲಗಿದವಳು. ಉಸಿರಪ್ಪ ಮೈಕನ್ನು ಸರಿಯಾಗಿ ತಿರುಗಿಸಿಟ್ಟುಕೊಂಡ. ಈ ಸಲ ‘ಬಿಡಿ’ ತಾನೇ ಹೇಳಿಬಿಡುವುದೆಂದು ಸಿದ್ಧನಾದ. ಅವನಿಗೆ ಗೊತ್ತಿಲ್ಲದ್ದು ಒಂದೇ. ಮೂರನೆಯ ಜಾಗ ಈಗ ಖಾಲಿಯಿರಲಿಲ್ಲ. ಅವನು ಕೂಗಿದ್ದೆಲ್ಲ ಅಚ್ಚುಕಟ್ಟಾಗಿ ಅಲ್ಲಿ ಹೋಗಿ ಕೂತಿತ್ತು.

‘ಉಸಿರು ಎಳೆದುಕೊಳ್ಳಿ’ ಅಂದಿತು ಯಂತ್ರ. ‘ಹಾಗೇ ಹಿಡಿದುಕೊಳ್ಳಿ’ ಅಂದಿತು. ಹತ್ತು ಸೆಕೆಂಡಿನ ನಂತರ ಕೋಣೆ ನಡುಗುವಂತೆ ಅರಚಿತು: ‘ಬಿಡ್ರೀ! ಬಿಡ್ರೀ ಯಜಮಾನ್ರೇ! ಸತ್ತೋಗ್ತೀರಾ, ಬಿಡ್ರೀ!’

ಆ ಹೆಂಗಸು ಟೇಬಲ್ಲಿನಿಂದ ಹಾರಿದ್ದನ್ನು ಉಸಿರಪ್ಪ ನೋಡಿದ. ಇಳಿದದ್ದನ್ನು ನೋಡಲಿಲ್ಲ, ಅಷ್ಟರಲ್ಲಿ ಅವಳು ಆಸ್ಪತ್ರೆಯ ಹಸಿರು ಗೌನಿನಲ್ಲಿ ಕಾರಿಡಾರು ದಾಟಿ, ಮೆಟ್ಟಿಲೇರಿ, ನೇರವಾಗಿ ಸೂಪರಿಂಟೆಂಡೆಂಟ್ ಮೇಡಂ ಕೋಣೆಗೆ ನುಗ್ಗಿದ್ದಳು.

ಐದು ನಿಮಿಷದಲ್ಲಿ ಮೇಡಂ ಕೆಳಗಿದ್ದರು. ಗುಂಡಿ ಒತ್ತಿ ಮೂರು ಮಾತನ್ನೂ ಕೇಳಿದರು. ಮೂರನೆಯದನ್ನು ಪೂರ್ತಿ ಕೇಳಲಿಲ್ಲ.

‘ಬೆಳಿಗ್ಗೆ ಇದ್ದ ಧ್ವನಿ ಎಲ್ಲಿ?’

‘ಗೊತ್ತಿಲ್ಲ ಮೇಡಂ. ಮೆಷಿನ್ನು... ತಾನಾಗೇ...’ ಉಸಿರಪ್ಪ ತೊದಲಿದ. ‘ಇದ್ದಕ್ಕಿದ್ದ ಹಾಗೆ ಅಳಿಸಿಹೋಯ್ತು. ರೋಗಿಗಳಿಗೆ ತೊಂದರೆ ಆಗ್ಬಾರ್ದು ಅಂತ ನಾನೇ ತಾತ್ಕಾಲಿಕವಾಗಿ...’

ಮೇಡಂ ಇಂಜಿನಿಯರಿಗೆ ಫೋನು ಮಾಡಿದರು. ಫೋನು ಆಫ್. ಗಡಿಯಾರ ನೋಡಿದರು. ಮೂರು ಗಂಟೆ. ‘ಇನ್ನೊಂದು ಗಂಟೆಗೆ ಅಧ್ಯಕ್ಷರು ಬರ್ತಾರೆ. ಬಂದವರಿಗೆ ಸತ್ತೋಗ್ತೀರಾ ಅಂತ ಕೇಳಿಸ್ಲಾ?’

‘ಮೇಡಂ, ಧ್ವನಿ ಹೋದ್ರೇನು, ಧ್ವನಿಯವನು ಇಲ್ಲೇ ಇದಾನಲ್ಲ’ ಅಂದರು ಸಿಸ್ಟರ್. ‘ಜೇನುಗಂಟಲಿಂದ ಇನ್ನೊಂದ್ಸಲ ಹೇಳಿಸಿದ್ರಾಯ್ತು.’

‘ಸರಿ, ಹೇಳಿಸಿ. ಮುದ್ರಿಸೋದು ನಿಮಗೆ ಬರುತ್ತಲ್ಲ?’ ಮೇಡಂ ಉಸಿರಪ್ಪನನ್ನು ಕನ್ನಡಕದ ಮೇಲಿಂದ ನೋಡಿದರು. ‘ತಾತ್ಕಾಲಿಕವಾಗಿ ಮಾಡಿದ್ರಲ್ಲ, ಈಗ ಶಾಶ್ವತವಾಗಿ ಮಾಡಿ.’

ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ. ಯಾರ ಧ್ವನಿಯನ್ನು ಅಳಿಸಲು ಊಟ ಬಿಟ್ಟನೋ, ಅವನನ್ನೇ ಉಸಿರಪ್ಪ ಕರೆತಂದು, ತನ್ನ ಕುರ್ಚಿಯಲ್ಲಿ ಕೂರಿಸಿ, ಗಂಟಲು ಮುಕ್ಕಳಿಸಲು ಬಿಸಿನೀರು ತಂದುಕೊಡಬೇಕಾಯಿತು. ‘ಇನ್ನೂ ಸ್ವಲ್ಪ ಬಿಸಿ ಇರ್ಬೇಕಿತ್ತು ಸರ್’ ಅಂದ ಜೇನುಗಂಟಲು. ಉಸಿರಪ್ಪ ಇನ್ನೂ ಸ್ವಲ್ಪ ಬಿಸಿ ತಂದ. ಮೂರು ಮಾತೂ ಒಳಗೆ ಹೋದವು. ಮೂರನ್ನೂ ತಾನೇ ಗುಂಡಿ ಒತ್ತಿ ಭದ್ರಪಡಿಸಿದ.

ಹೊಸ ಮುದ್ರಣ ಕೇಳಿ ಸಿಸ್ಟರ್ ಮುಖ ಸ್ವಲ್ಪ ಸಣ್ಣದಾಯಿತು. ‘ಚೆನ್ನಾಗಿದೆ. ಆದ್ರೆ ಬೆಳಿಗ್ಗೆ ಇದ್ದಷ್ಟು ಗಂಭೀರ ಇಲ್ವೇನೋಪ್ಪ.’

‘ಬಿಸಿನೀರು ಸರಿ ಇರ್ಲಿಲ್ಲ ಸಿಸ್ಟರ್’ ಅಂದ ಜೇನುಗಂಟಲು.

ನಾಲ್ಕು ಗಂಟೆಗೆ ನೆಲಮಾಳಿಗೆಯ ಕಾರಿಡಾರಿನಲ್ಲಿ ಕುರ್ಚಿಗಳನ್ನು ಹಾಕಿದ್ದರು. ಅಧ್ಯಕ್ಷರು ಬಂದರು. ಮೊದಲ ಸಾಲಿನಲ್ಲಿ ಉಸಿರಪ್ಪನ ಹೆಂಡತಿ ನಿಜಕ್ಕೂ ಒಳ್ಳೆಯ ಬಟ್ಟೆ ಹಾಕಿಕೊಂಡು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿದ್ದಳು. ಆ ಕಾಡಿಗೆ ನೋಡಿ ಉಸಿರಪ್ಪನ ಹೊಟ್ಟೆ ಇನ್ನೊಮ್ಮೆ ಉರಿಯಿತು. ಜೇನುಗಂಟಲು ಕ್ರಾಪು ಬಾಚಿ ಅಧ್ಯಕ್ಷರ ಕೈಯಳತೆಯಲ್ಲೇ ನಿಂತಿದ್ದ.

ಅಧ್ಯಕ್ಷರು ಗುಂಡಿ ಒತ್ತಿದರು. ‘ಉಸಿರು ಎಳೆದುಕೊಳ್ಳಿ...’ ಎಂದು ಜೇನಿನಂಥ ಧ್ವನಿ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ತಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ಸ್ಪೀಕರನ್ನೇ ನೋಡುತ್ತಿದ್ದಳು.

‘ಬಹಳ ಸೊಗಸು’ ಎಂದು ಅಧ್ಯಕ್ಷರು ಲಕೋಟೆ ಹರಿದರು. ‘ಆಯ್ಕೆ ಆದದ್ದು ನಾಲ್ಕನೇ ನಂಬರಿನ ಧ್ವನಿ. ಇಂಜಿನಿಯರ್ ಬರೆದಿದ್ದಾರೆ: ಆರರಲ್ಲಿ ಇದೊಂದೇ ಕೇಳಿದವರಿಗೆ ನೆಮ್ಮದಿ ಕೊಡುವಂಥದ್ದು, ಶೀತವಾಗಿದ್ದರಿಂದಲೋ ಏನೋ ವಿಶೇಷ ಗಾಂಭೀರ್ಯ ಬಂದಿದೆ. ಈ ಧ್ವನಿ ಸಿ.ಟಿ. ವಿಭಾಗದ ಹಿರಿಯ ಟೆಕ್ನಾಲಜಿಸ್ಟರದ್ದು!’

ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಎಲ್ಲ ಕಣ್ಣುಗಳೂ ಉಸಿರಪ್ಪನ ಕಡೆ ತಿರುಗಿದವು. ಉಸಿರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆ ಶೀತ ನೆನಪಾಯಿತು, ಕಟ್ಟಿದ ಮೂಗು ನೆನಪಾಯಿತು. ತುಂಬಿದ ಹಂಡೆಯ ಸದ್ದು ಕಿವಿಯಲ್ಲಿ ಮತ್ತೆ ಕೇಳಿದಂತಾಯಿತು. ಬೆಳಗಿನಿಂದ ಅವನು ಹೊಟ್ಟೆ ಉರಿದುಕೊಂಡದ್ದು ತನ್ನ ಮೇಲೆಯೇ.

‘ಸರ್, ತಪ್ಪಾಗಿದೆ!’ ಜೇನುಗಂಟಲು ಮುಂದೆ ಬಂದ. ‘ಈಗ ಕೇಳಿದ್ರಲ್ಲ, ಅದು ನನ್ನ ಧ್ವನಿ!’

‘ಒಂದು ನಿಮಿಷ’ ಅಂದರು ಅಧ್ಯಕ್ಷರು. ‘ಹಿರಿಯರೇ, ಇಲ್ಲಿ ಬನ್ನಿ. ಮೂರು ಮಾತು ನೀವೇ ಹೇಳಿ, ಕೇಳೋಣ.’

ಉಸಿರಪ್ಪ ಬಾಯಿ ತೆರೆದ. ಶೀತ ಇಳಿದು ತಿಂಗಳಾಗಿತ್ತು. ‘ಉಸಿರು ಎಳ್ಕೊಳ್ಳಿ!’ ಎಂದು ಗಂಟಲು ಕೀರಲಾಗಿ ಗದರಿತು. ರಿಪೋರ್ಟಿಗೆ ಕಾಯುತ್ತ ಮೊದಲ ಸಾಲಿನಲ್ಲಿ ಕೂತಿದ್ದ ಡ್ರಿಲ್ ಮೇಷ್ಟ್ರು ಅಭ್ಯಾಸಬಲದಿಂದ ಎಳೆದುಕೊಂಡುಬಿಟ್ಟರು. ಅಧ್ಯಕ್ಷರು ತಲೆಯಾಡಿಸಿ, ಗೆದ್ದವರಿಗೆಂದು ತಂದಿದ್ದ ನೆನಪಿನ ಫಲಕವನ್ನು ಜೇನುಗಂಟಲಿನ ಕೈಗಿತ್ತರು.

ಸತ್ಯ ಹೇಳಬೇಕೆಂದರೆ ‘ಬೆಳಗಿನ ಧ್ವನಿ ನನ್ನದು, ಅದನ್ನು ಅಳಿಸಿದವನೂ ನಾನೇ’ ಎನ್ನಬೇಕು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ ಉಸಿರಪ್ಪ ನಿಂತ. ನುಂಗಲಾರ, ಉಗುಳಲಾರ. ಅವನ ಹೆಂಡತಿಯ ಬಾಯಲ್ಲಿ ಮಾತ್ರ ಏನೂ ಇರಲಿಲ್ಲ. ಅವಳು ಎದ್ದು ನಿಂತಳು.

‘ಲಕೋಟೇಲಿರೋದೇ ಸರಿ! ಬೆಳಿಗ್ಗೆ ನನ್ನ ಕಿವಿಯಾರೆ ಕೇಳಿದೀನಿ, ಇವರದ್ದೇ ಧ್ವನಿ. ಮದುವೆ ಮಾತು ನಡೀತಿದ್ದಾಗ ಇವರು ದಿನಾ ಫೋನ್ ಮಾಡೋರು. ಎರಡು ವಾರ ಶೀತ ಇತ್ತು, ಹೀಗೇ ಮಾತಾಡ್ತಿದ್ರು. ಆ ಧ್ವನಿ ಕೇಳೇ ನಾನು ಒಪ್ಪಿದ್ದು!’ ಅವಳು ಗಂಡನ ಕಡೆ ತಿರುಗಿದಳು. ಕಾಡಿಗೆ ಹಚ್ಚಿದ ಕಣ್ಣು ತುಂಬಿತ್ತು. ‘ಬೆಳಿಗ್ಗೆ ಗೊತ್ತಿಲ್ಲದವರ ಥರ ನಾಟಕ ಆಡ್ತಿದೀರಿ ಅಂದ್ಕೊಂಡು ನಾನೂ ಆಟ ಆಡಿದೆ. ಇನ್ನೊಂದ್ಸಲ ಹಾಕಿ ಅಂದಾಗ ಹಾಕಬಾರ್ದಿತ್ತಾ?’

ಉಸಿರಪ್ಪನಿಗೆ ಅಳು ಬಂತು. ಹದಿನಾರು ವರ್ಷದಲ್ಲಿ ಒಮ್ಮೆ ಬಂದ ಮಾತು ಅವನಿಗೇ ಬಂದಿತ್ತು, ಅವನೇ ಅದನ್ನು ಎರಡು ಸಲ ಹೌದು ಎಂದು ಒತ್ತಿ ಅಳಿಸಿದ್ದ.

‘ಹಾಗಾದ್ರೆ ಯಾರೋ ಬೇಕಂತ ಅಳಿಸಿದ್ದಾರೆ’ ಅಂದರು ಮೇಡಂ.

‘ಹೊಟ್ಟೆಕಿಚ್ಚಿನವರ ಕೆಲಸ!’ ಅಂದರು ಅತ್ತೆ. ‘ನಮ್ಮ ಅಳಿಯನ ಏಳಿಗೆ ಕಂಡು ಉರ್ಕೊಳ್ಳೋ ಪಾಪಿ ಯಾವನೋ ಇಲ್ಲೇ ಇದಾನೆ. ಅವನ ಗಂಟಲು ಕಟ್ಟಿಹೋಗ!’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಂತೆ ಉಸಿರಪ್ಪ ಗಂಟಲು ಮುಟ್ಟಿ ನೋಡಿಕೊಂಡ. ಎಲ್ಲರ ಕಣ್ಣು ಆಗಲೇ ಜೇನುಗಂಟಲಿನ ಮೇಲಿತ್ತು. ಅವನು ಫಲಕವನ್ನು ಎದೆಗವಚಿಕೊಂಡು ‘ನಾನಲ್ಲ, ನಾನಲ್ಲ’ ಎನ್ನುತ್ತಿದ್ದ. ಒಂದು ನಿಮಿಷ ಉಸಿರಪ್ಪನಿಗೆ ಆಸೆ ಚಿಗುರಿತು. ಅಷ್ಟರಲ್ಲಿ ಮೇಡಂ ಫೋನು ಬಡಿದುಕೊಂಡಿತು. ಇಂಜಿನಿಯರ್. ಮೇಡಂ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

‘ನನ್ನ ಹತ್ರ ನಕಲು ಇಲ್ಲ ಮೇಡಂ, ಫೋನ್ ತುಂಬ್ತು ಅಂತ ಅಳಿಸಿಬಿಟ್ಟೆ. ಆದ್ರೆ ಮೆಷಿನ್ನು ತಾನಾಗಿ ಏನನ್ನೂ ಅಳಿಸಲ್ಲ. ಯಾರು, ಯಾರ ಹೆಸರಲ್ಲಿ ಒಳಗೆ ಹೋಗಿ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಅಳಿಸಿದ್ರು, ಎಲ್ಲ ಬರೆದಿಟ್ಟುಕೊಂಡಿರುತ್ತೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ತೆಗೆದುಕೊಡ್ತೀನಿ.’

‘ಹಾಗ್ ಮಾಡಪ್ಪಾ!’ ಎಂದು ಕೂಗಿದಳು ಉಸಿರಪ್ಪನ ಹೆಂಡತಿ. ‘ಒಂಬತ್ತಕ್ಕೆ ನಾನೂ ಬರ್ತೀನಿ. ಆ ಹೆಸರು ನನ್ನ ಕಣ್ಣಾರೆ ನೋಡ್ಬೇಕು!’ ಎಂದು ಗಂಡನ ತೋಳನ್ನು ಪ್ರೀತಿಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಉಸಿರಪ್ಪನ ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು. ಒಳಗೆ ಸಿಸ್ಟರ್ ಮುಂದಿನ ರೋಗಿಯನ್ನು ಮಲಗಿಸಿ ಆಗಲೇ ಗುಂಡಿ ಒತ್ತಿದ್ದರು. ಸ್ಪೀಕರಿನಿಂದ ಜೇನುಗಂಟಲಿನ ಧ್ವನಿ ಬಹಳ ಸಮಾಧಾನದಿಂದ ಹೇಳಿತು:

‘ಈಗ ಉಸಿರು ಬಿಡಿ.’

ಬೇರೆ ದಾರಿ ಕಾಣದೆ ಉಸಿರಪ್ಪ ಬಿಟ್ಟ.